ಹೋಟೆಲಿನಿಂದ ಹುಡುಗನನ್ನು ಬಿಡಿಸುವ ಮೊದಲು ಊರಿನ ಹೆಡ್‌ಮಾಸ್ತರರಿಗೆ ಫೋನ್

ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯ ಹುಡುಗರನ್ನು ಬಿಡಿಸುವಾಗ ದಾಳಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕೇಸು ನಿಲ್ಲುತ್ತದೋ ಬೀಳುತ್ತದೋ ಎಂಬುದು ವಯಸ್ಸಿನ ಕಾಗದದಲ್ಲಿದೆ, ಆ ಕಾಗದ ಇರುವುದು ಊರಲ್ಲಿ. ಹೊಡೆತ, ಗಾಯ ಕಂಡರೆ ಮಾತ್ರ ಕಾಯಬಾರದು, ತಕ್ಷಣ ಮಕ್ಕಳ ಸಹಾಯವಾಣಿ 1098. ಉಳಿದಂತೆ ನಮ್ಮ ಮೊದಲ ಫೋನ್ ಹುಡುಗನ ಊರಿನ ಶಾಲೆಗೆ.

ಬಾಲನ್ಯಾಯ ಕಾಯ್ದೆಯ ಕಲಂ 94 ವಯಸ್ಸಿನ ದಾಖಲೆಗಳಿಗೆ ಸರದಿ ಹಾಕಿಕೊಟ್ಟಿದೆ. ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯತಿ ಅಥವಾ ಪುರಸಭೆಯ ಜನನ ಪತ್ರ. ಎರಡೂ ಸಿಗದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮಾಲೀಕ ಮೊದಲು ಮುಂದಿಡುವ ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಅದರಲ್ಲಿ ಎಷ್ಟೋ ಸಲ ಜನವರಿ 1 ಎಂದು ಅಂದಾಜಿನ ತಾರೀಖು ಇರುತ್ತದೆ. ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಮೂಳೆ ಪರೀಕ್ಷೆಗೆ ಬಿಟ್ಟರೆ ಎರಡು ವರ್ಷ ಆಚೀಚೆ ಆಗಬಹುದು. ಹದಿಮೂರರ ಹುಡುಗ ಹದಿನೈದಾದರೆ ಕೇಸಿನ ಸ್ವರೂಪವೇ ಬದಲಾಗುತ್ತದೆ.

ಹೆಡ್‌ಮಾಸ್ತರರಿಂದ ಬೇಕಾದದ್ದು ಮೂರು: ಹುಡುಗನ ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯ ಗುರುತು ಸಂಖ್ಯೆ), ದಾಖಲಾತಿ ವಹಿಯ ಆ ಪುಟದ ಸಹಿ ಮೊಹರಿನ ನಕಲು, ಕೊನೆಯ ಹಾಜರಾತಿಯ ತಾರೀಖು. ಮೂರನೆಯದನ್ನು ಕೇಳಲು ಹಲವರು ಮರೆಯುತ್ತಾರೆ. "ಇವ ನನ್ನ ಅಣ್ಣನ ಮಗ, ರಜೆಗೆ ಬಂದಿದ್ದಾನೆ" ಎಂಬ ಉತ್ತರ ಮಾಲೀಕನಿಂದ ಬಂದಾಗ ಕೈಹಿಡಿಯುವುದು ಅದೇ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಂತೆ 14ರ ಒಳಗಿನ ಮಗು ಕುಟುಂಬದ ಉದ್ಯಮದಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ನೆರವಾಗಬಹುದು. ಆ ಕುಟುಂಬದಲ್ಲಿ ತಂದೆ ತಾಯಿಯ ಒಡಹುಟ್ಟಿದವರೂ ಸೇರುತ್ತಾರೆ, ಹಾಗಾಗಿ ಚಿಕ್ಕಪ್ಪ ಎಂಬ ನೆಪ ಕಾನೂನಿನಲ್ಲಿ ಸುಳ್ಳಲ್ಲ. ಭಾವ ಸೇರುವುದಿಲ್ಲ, ಊರಿನವನಂತೂ ಇಲ್ಲವೇ ಇಲ್ಲ. ಆದರೆ ಜುಲೈ ತಿಂಗಳಲ್ಲಿ ಸುರಪುರದ ಶಾಲೆಯ ಹುಡುಗ ಮಾಟುಂಗದಲ್ಲಿ ಲೋಟ ತೊಳೆಯುತ್ತಿದ್ದರೆ ರಜೆಯ ಮಾತು ಹಾಜರಿ ಪುಸ್ತಕದೆದುರು ನಿಲ್ಲದು.

ಹೋಟೆಲುಗಳಲ್ಲಿ ನಮಗೆ ಹೆಚ್ಚಾಗಿ ಸಿಗುವವರು ಹದಿನೈದು ಹದಿನಾರರವರು. ತೊಡಕು ಇಲ್ಲಿಯೇ. 14ರ ಕೆಳಗಾದರೆ ಬಾಲಕಾರ್ಮಿಕ ಕಾಯ್ದೆಯ ಕಲಂ 3. ಪೊಲೀಸರು ನೇರ ಎಫ್‌ಐಆರ್ ದಾಖಲಿಸಬಹುದು, ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ, ದಂಡ 20,000ದಿಂದ 50,000 ರೂಪಾಯಿ. 14 ದಾಟಿದವರಿಗೆ ನಿಷೇಧ ಇರುವುದು ಅಪಾಯಕಾರಿ ಕೆಲಸಗಳಲ್ಲಿ ಮಾತ್ರ, ಮಾಮೂಲಿ ಹೋಟೆಲು ಆ ಅನುಸೂಚಿಯಲ್ಲಿಲ್ಲ. ಅವರಿಗಿರುವುದು ವೇಳೆಯ ಕಟ್ಟು: ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು, ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ವಾರಕ್ಕೊಂದು ರಜೆ. ಮೀರಿದರೆ ಒಂದು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಯಾರಿಗೂ ಹೆದರಿಕೆ ಹುಟ್ಟಿಸದ ಕಲಂ ಇದು.

ಸಂಬಳ ತಡೆಹಿಡಿದಿದ್ದರೆ ಅಥವಾ ಜೀತಕ್ಕಿಟ್ಟಿದ್ದರೆ ಬಾಲನ್ಯಾಯ ಕಾಯ್ದೆಯ ಕಲಂ 79 ಇದೆ: 18ರವರೆಗೂ ಅನ್ವಯ, ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ದಂಡ. ಆದರೆ 2021ರ ತಿದ್ದುಪಡಿ ಇದನ್ನು ಪೊಲೀಸರು ತಾವಾಗಿ ದಾಖಲಿಸಲಾಗದ ಅಪರಾಧಗಳ ಗುಂಪಿಗೆ ತಳ್ಳಿತು. ನನ್ನ ಮಟ್ಟಿಗೆ ಇದು ಕಾನೂನು ಮಾಡಿಕೊಂಡ ದೊಡ್ಡ ಹಿನ್ನಡೆ. ಠಾಣೆಯಲ್ಲಿ "ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ" ಎನ್ನುವುದು ಇದರಿಂದಲೇ. ದಾರಿ ಇದೆ: ಮನೆಯವರಿಗೆ ಮುಂಗಡ ಕೊಟ್ಟು ಹುಡುಗನನ್ನು ಕರೆತಂದಿದ್ದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸೇರಿಸಿ ದೂರು ಬರೆಯಬೇಕು. ಅದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ತಾವಾಗಿ ದಾಖಲಿಸಬಹುದಾದದ್ದು. ಒಂದು ಕಲಂ ಸಂಜ್ಞೇಯವಾದರೆ ಇಡೀ ಪ್ರಕರಣವೇ ಸಂಜ್ಞೇಯ ಎಂದು ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಲಂ 174 ಹೇಳುತ್ತದೆ. ಈ ಸಾಲನ್ನು ಮುದ್ರಿಸಿಕೊಂಡೇ ಠಾಣೆಗೆ ಹೋಗಿ.

ದಾಳಿಗೆ ರಾತ್ರಿ ಎಂಟರ ಸುಮಾರು ಒಳ್ಳೆಯದು. ವೇಳೆಯ ಉಲ್ಲಂಘನೆ ಕಣ್ಣೆದುರೇ ಇರುತ್ತದೆ. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರರೇ ದೂರುದಾರರಾಗಲಿ. ಸಂಸ್ಥೆಯವರು ದೂರು ಕೊಟ್ಟರೆ ಮುಂದೆ ವರ್ಷಗಟ್ಟಲೆ ತಾರೀಖಿಗೆ ಓಡಾಡುವವರು ಯಾರು? ಪಂಚನಾಮೆಯಲ್ಲಿ ಹುಡುಗ ಆ ಕ್ಷಣ ಏನು ಮಾಡುತ್ತಿದ್ದ ಎಂಬುದು ಬರಬೇಕು. "ಹೋಟೆಲಿನಲ್ಲಿ ಕಂಡುಬಂದ" ಎಂದಷ್ಟೇ ಬರೆದರೆ ಊಟಕ್ಕೆ ಬಂದಿದ್ದ ಅನ್ನುತ್ತಾರೆ. ಪಗಾರ ಪುಸ್ತಕ, ಮಲಗುವ ಅಟ್ಟ, ಅವನ ಟ್ರಂಕು ಎಲ್ಲವೂ ದಾಖಲಾಗಲಿ. ಹುಡುಗನ ಮಾತನ್ನು ಮಾಲೀಕನೆದುರು ಕೇಳಬೇಡಿ. ಅವನು ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಬರೆಸಿ ಮರಾಠಿ ಅನುವಾದ ಲಗತ್ತಿಸಿ. ಸಂಬಳ ಎಷ್ಟು, ಯಾರ ಕೈಗೆ, ಮುಂಗಡ ಎಷ್ಟು, ಏಳುವುದು ಮಲಗುವುದು ಎಷ್ಟೊತ್ತಿಗೆ: ಇವಿಲ್ಲದೆ ಕಲಂ 79 ಸತ್ತಂತೆ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮುಖ ಕಾಣುವ ಫೋಟೊ ವಾಟ್ಸಾಪಿಗೆ ಹಾಕುವುದು ಬಾಲನ್ಯಾಯ ಕಾಯ್ದೆಯ ಕಲಂ 74ರಡಿ ಅಪರಾಧ. ಉತ್ಸಾಹಿ ಸಂಸ್ಥೆಗಳಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

"ನಾವೂ ಟೇಬಲ್ ಒರೆಸಿಯೇ ಮೇಲೆ ಬಂದವರು" ಎನ್ನುವ ಮಾಲೀಕರ ಮಾತಿನಲ್ಲಿ ಹುರುಳಿದೆ. ಕರಾವಳಿಯಿಂದ ಬಂದ ಒಂದು ತಲೆಮಾರು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತದ್ದು ನಿಜ. ಈಗಿನ ಹುಡುಗನಿಗೆ ಟೇಬಲ್ ಉಂಟು, ಶಾಲೆ ಇಲ್ಲ.

ಪುಣೆಯ ಕಟ್ಟಡ ಕೆಲಸಕ್ಕೆ ತಂದೆ ತಾಯಿಯೊಡನೆ ಗುಳೆ ಬಂದ ಮಕ್ಕಳಿಗೆ ದಾಳಿ ಮದ್ದಲ್ಲ. ಅಲ್ಲಿ ಹತ್ತಿರದ ಶಾಲೆಗೆ ಸೇರಿಸುವುದೇ ಕೆಲಸ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ ಕಲಂ 14ರಲ್ಲಿದೆ.

ಜೀತದ ಪ್ರಕರಣವಾದರೆ ಹುಡುಗ ಊರಿಗೆ ಹೊರಡುವ ಮೊದಲೇ ಬಿಡುಗಡೆ ಪ್ರಮಾಣಪತ್ರ ಮಾಡಿಸಿ, ಕಳಿಸಿದ ಮೇಲೆ ಮುಂಬೈಯ ಅಧಿಕಾರಿ ನೆನಪಿಟ್ಟುಕೊಳ್ಳುವುದು ಕಷ್ಟ. ಮಕ್ಕಳಿಗೆ ಪುನರ್ವಸತಿಗೆ ಎರಡು ಲಕ್ಷ ಸಿಗುವುದು ಆ ಕಾಗದದ ಆಧಾರದಲ್ಲಿ. ಮುಂಗಡದ ಸಾಲ ಕಾನೂನಿನಂತೆ ರದ್ದಾಗಿದೆ ಎಂದು ಮನೆಯವರಿಗೆ ಬಿಡಿಸಿ ಹೇಳಿ, ಪ್ರಮಾಣಪತ್ರದ ಒಂದು ನಕಲು ಅವರ ಬಳಿಯೇ ಇರಲಿ. ಸಾಲ ಉಳಿದಿದೆ ಎಂದು ಅವರು ನಂಬಿದ್ದರೆ ಏಜೆಂಟ್ ಮರಳಿ ಬಂದು ಹುಡುಗನ ತಮ್ಮನನ್ನು ಕೆಲಸಕ್ಕೆ ಕಳಿಸಿ ಎಂದು ಕೇಳುತ್ತಾನೆ. ಆದ್ದರಿಂದ ಹೆಡ್‌ಮಾಸ್ತರರ ಹತ್ತಿರ ಹುಡುಗನ ಹಾಜರಿಯ ಜೊತೆ ತಮ್ಮ ತಂಗಿಯರದ್ದನ್ನೂ ತಿಂಗಳಿಗೊಮ್ಮೆ ವಿಚಾರಿಸಬೇಕು. ಸತತ 30 ದಿನ ಗೈರಾದರೆ ಬಾಲಕಾರ್ಮಿಕ ಕಾಯ್ದೆಯ ಜಾರಿ ನೋಡುವ ನೋಡಲ್ ಅಧಿಕಾರಿಗೆ ತಿಳಿಸುವುದು ಆ ಕಾಯ್ದೆಯ 2017ರ ನಿಯಮದಂತೆ ಹೆಡ್‌ಮಾಸ್ತರರ ಹೊಣೆ.