ಪೆಟ್ ಸ್ಕ್ಯಾನಿನ ಹಿಂದಿನ ದಿನ ಎಲೆಅಡಿಕೆ ಬೇಡ

ನಾನು ಶಿವಮೊಗ್ಗದಲ್ಲಿ ಶ್ವಾಸಕೋಶದ ಡಾಕ್ಟರು. ಎದೆಯ ಎಕ್ಸ್‌ರೇಯಲ್ಲಿ ಗಡ್ಡೆಯಂಥದ್ದು ಕಂಡರೆ ಸಿಟಿ ಸ್ಕ್ಯಾನ್ ಮಾಡಿಸುತ್ತೇನೆ. ಅದರಲ್ಲೂ ಕ್ಯಾನ್ಸರ್ ಅನುಮಾನ ಉಳಿದರೆ ಪೆಟ್ ಸಿಟಿಗೆ, ಅಂದರೆ ಪೆಟ್ ಮತ್ತು ಸಿಟಿ ಎರಡೂ ಸೇರಿದ ಸ್ಕ್ಯಾನಿಗೆ, ಬರೆದುಕೊಡುತ್ತೇನೆ. ನನ್ನ ರೋಗಿಗಳು ಹೆಚ್ಚಿನವರು ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ತೋಟದ ಜನ. ಅವರನ್ನು ಮಣಿಪಾಲಕ್ಕೋ ಬೆಂಗಳೂರಿಗೋ ಕಳಿಸುವುದು ರೂಢಿ. ಸ್ಕ್ಯಾನ್ ಮಾಡುವವರು ಅಲ್ಲಿನ ನ್ಯೂಕ್ಲಿಯರ್ ಮೆಡಿಸಿನ್‌ನವರು, ಅಂದರೆ ವಿಕಿರಣದ ಔಷಧ ಬಳಸುವ ವಿಭಾಗದವರು. ಆದರೆ ಚಿತ್ರ ಕೆಡುವುದಿದ್ದರೆ ಬಹಳ ಸಲ ಹಿಂದಿನ ದಿನ ಮನೆಯಲ್ಲೇ ಕೆಟ್ಟಿರುತ್ತದೆ. ಹಾಗಾಗಿ ಚೀಟಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ನಾನು ಮಾತಿಗೆ ಕೊಡುತ್ತೇನೆ.

ಎಲ್ಲರ ಮೊದಲ ಪ್ರಶ್ನೆ ಒಂದೇ. "ಎಂತ ಡಾಕ್ಟ್ರೇ, ಮೈಗೆ ಕರೆಂಟ್ ಕೊಡ್ತಾರಾ?" ಕರೆಂಟ್ ಅಲ್ಲ ಮಾರಾಯ್ರೆ, ಸಕ್ಕರೆ ಅನ್ನುತ್ತೇನೆ. ಕ್ಯಾನ್ಸರ್ ಜೀವಕೋಶಗಳಿಗೆ ಗ್ಲೂಕೋಸಿನ ಹಸಿವು ವಿಪರೀತ. ಇದನ್ನು ಜರ್ಮನಿಯ ಆಟೋ ವಾರ್‌ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಗ್ಲೂಕೋಸಿಗೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದರೆ ಎಫ್‌ಡಿಜಿ ಅನ್ನುವ ಔಷಧ ಆಗುತ್ತದೆ. ಅದನ್ನು ಇಂಜೆಕ್ಷನ್ ಕೊಡುತ್ತಾರೆ. ಹಸಿದ ಜೀವಕೋಶ ಅದನ್ನು ಸಕ್ಕರೆ ಅಂದುಕೊಂಡೇ ಒಳಗೆ ಎಳೆದುಕೊಳ್ಳುತ್ತದೆ. ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ. ಮುಂಗಾರಿನಲ್ಲಿ ಗದ್ದೆಯ ನೀರಿಗೆ ಇಡುವ ಕೂಣಿಗೆ ಮೀನು ಹೊಕ್ಕ ಹಾಗೆ. ಒಳಗೆ ಹೋಗಿದ್ದು ಅಲ್ಲೇ. ಅಲ್ಲಿಂದ ಹೊರಡುವ ಕಿರಣಗಳನ್ನು ಸುತ್ತಲಿನ ಯಂತ್ರ ಹಿಡಿಯುತ್ತದೆ. ಸಿಟಿ ಗಡ್ಡೆಯ ಆಕಾರ ತೋರಿಸಿದರೆ, ಪೆಟ್ ಅದು ಎಷ್ಟು ಸಕ್ಕರೆ ತಿನ್ನುತ್ತಿದೆ ಅನ್ನುವುದನ್ನು ತೋರಿಸುತ್ತದೆ.

ಈ ಫ್ಲೋರಿನ್ 110 ನಿಮಿಷಕ್ಕೆ ಅರ್ಧ ಕರಗಿ ಹೋಗುತ್ತದೆ. 1976ರಲ್ಲಿ ಮೊದಲ ಬಾರಿ ಮನುಷ್ಯರಿಗೆ ಎಫ್‌ಡಿಜಿ ಕೊಟ್ಟಾಗ, ಅಮೆರಿಕದ ಬ್ರೂಕ್‌ಹೇವನ್ ಲ್ಯಾಬಿನಲ್ಲಿ ಮಾಡಿದ್ದನ್ನು ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಒಯ್ದಿದ್ದರು. ಇವತ್ತಿಗೂ ಔಷಧ ಕಪಾಟಿನಲ್ಲಿ ಇಟ್ಟು ಕಾಯುವಂಥದ್ದಲ್ಲ. ಆಯಾ ದಿನವೇ ತಯಾರಾಗಿ ಬರಬೇಕು. ನಮ್ಮವರು ಬೆಳಗಿನ ಬಸ್ಸು ಹತ್ತಿ, ಆಗುಂಬೆ ಘಾಟಿಯ ಮಂಜಿನಲ್ಲಿ ಸಿಕ್ಕಿಕೊಂಡು ಎರಡು ಗಂಟೆ ತಡವಾಗಿ ಹೋದರೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಅದಕ್ಕೇ ಹಿಂದಿನ ದಿನವೇ ಹೋಗಿ ಉಳಿಯಿರಿ ಅನ್ನುತ್ತೇನೆ. ಮಳೆಗಾಲದಲ್ಲಂತೂ ಈ ಮಾತಿಗೆ ವಿನಾಯಿತಿ ಇಲ್ಲ.

ಊಟದ ವಿಷಯಕ್ಕೆ ಬಂದರೆ, ಇಂಜೆಕ್ಷನ್‌ಗೆ ಮುಂಚೆ ಕನಿಷ್ಠ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ಬರೀ ನೀರು ಕುಡಿಯಬಹುದು. ಹಿಂದಿನ ದಿನವೂ ಪಿಷ್ಟ, ಸಿಹಿ ಕಮ್ಮಿ ಮಾಡಿಸುತ್ತೇನೆ. ಹಾಗೆ ಮಾಡಿದರೆ ಹೃದಯ ಸಕ್ಕರೆ ಕಮ್ಮಿ ಎಳೆದು ಸ್ಕ್ಯಾನಿನಲ್ಲಿ ಅಷ್ಟು ಹೊಳೆಯುವುದಿಲ್ಲ, ಅದರ ಪಕ್ಕದ ದುಗ್ಧಗ್ರಂಥಿಯ ಗಂಟುಗಳು ಚೆನ್ನಾಗಿ ಕಾಣುತ್ತವೆ. ಮಲೆನಾಡಿನಲ್ಲಿ ಕಡುಬು, ಅಕ್ಕಿರೊಟ್ಟಿ, ಅನ್ನ ಬೇಡ ಅಂದರೆ ಇನ್ನೇನು ತಿನ್ನುವುದು? ಮೀನು, ಕೋಳಿ, ಮೊಟ್ಟೆ ತಿನ್ನುವವರಿಗೆ ಚಿಂತೆ ಇಲ್ಲ. ಸಸ್ಯಾಹಾರಿ ಮನೆಯವರಿಗೆ ಸೊಪ್ಪಿನ ಪಲ್ಯ, ಪನೀರು, ತಂಬುಳಿ ಹೇಳುತ್ತೇನೆ. "ಅನ್ನ ಇಲ್ದೆ ತಂಬುಳಿನಾ?" ಅಂತ ಒಬ್ಬ ಅಮ್ಮ ನನ್ನನ್ನು ನೋಡಿದ ನೋಟ ಮರೆಯುವುದಿಲ್ಲ. ಒಂದು ದಿನ ಲೋಟದಲ್ಲಿ ಕುಡೀರಿ ಅಮ್ಮ ಅಂದೆ.

ಸಕ್ಕರೆ ಕಾಯಿಲೆ ಇರುವವರು ಔಷಧದ ಸಮಯವನ್ನು ಮೊದಲೇ ಕೇಳಿಕೊಂಡು ಹೋಗಬೇಕು. ರಕ್ತದ ಸಕ್ಕರೆ 200 ದಾಟಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಮುಂದೂಡುತ್ತಾರೆ. ಹೆದರಿ ಕೊನೇ ಗಳಿಗೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡರೆ ಎಫ್‌ಡಿಜಿಯೆಲ್ಲ ಮಾಂಸಖಂಡಕ್ಕೆ ಹೋಗಿಬಿಡುತ್ತದೆ.

ಮಾಂಸಖಂಡದ ಕಥೆ ನಮ್ಮ ಕಡೆ ದೊಡ್ಡದು. ದುಡಿದ ಖಂಡ ಸಕ್ಕರೆ ಎಳೆಯುತ್ತದೆ, ಸ್ಕ್ಯಾನಿನಲ್ಲಿ ಹೊಳೆಯುತ್ತದೆ. ಹಿಂದಿನ ದಿನ ಅಡಿಕೆ ಸುಲಿದರೆ, ಗೊನೆ ಹೊತ್ತರೆ ಭುಜ, ತೋಳು ಎಲ್ಲ ಬೆಳಗುತ್ತವೆ. ಎಲೆಅಡಿಕೆ ಜಗಿಯುತ್ತಾ ಕೂತರೆ ದವಡೆಯ ಖಂಡ. ಇಂಜೆಕ್ಷನ್ ಆದಮೇಲೆ ಸುಮಾರು ಒಂದು ಗಂಟೆ ಸುಮ್ನೆ ಮಲಗಿಸುತ್ತಾರಲ್ಲ, ಆಗ ಪಕ್ಕದವರ ಹತ್ತಿರ ಅಡಿಕೆ ರೇಟಿನ ಮಾತು ತೆಗೆದರೆ ಧ್ವನಿಪೆಟ್ಟಿಗೆಯೂ ಹೊಳೆಯುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ. ಎಡ ಶ್ವಾಸಕೋಶ ಎದೆಯ ನಡುವಿಗೆ ಸೇರುವ ಕಡೆಯ ಗಡ್ಡೆ ಕೆಲವೊಮ್ಮೆ ಎಡಗಡೆಯ ಧ್ವನಿತಂತುವಿನ ನರವನ್ನು ಒತ್ತುತ್ತದೆ. ಗಂಟಲು ಒಡೆಯುತ್ತದೆ. ಎಡತಂತು ಕೆಲಸ ನಿಲ್ಲಿಸಿದ್ದಕ್ಕೆ ಬಲತಂತು ಜಾಸ್ತಿ ದುಡಿದು ಒಂದೇ ಬದಿಯಲ್ಲಿ ಹೊಳೆಯುತ್ತದೆ. ಗೊತ್ತಿಲ್ಲದವರು ಅದನ್ನೇ ಇನ್ನೊಂದು ಗಡ್ಡೆ ಅನ್ನಬಹುದು. ಅದಕ್ಕೇ ಧ್ವನಿ ಒಡೆದಿದ್ದರೆ ಚೀಟಿಯಲ್ಲಿ ಮರೆಯದೆ ಬರೆಯುತ್ತೇನೆ.

ಚಳಿ ಇನ್ನೊಂದು ತಂಟೆ. ಮೈ ಬೆಚ್ಚಗಿಡಲು ಕತ್ತಿನ ಬುಡದಲ್ಲಿ, ಬೆನ್ನುಮೂಳೆಯ ಪಕ್ಕದಲ್ಲಿ ಕಂದು ಕೊಬ್ಬು ಅಂತ ಇರುತ್ತದೆ. ನಡುಗಿದರೆ ಅದೂ ಸಕ್ಕರೆ ಉರಿಸುತ್ತದೆ. ಸಣ್ಣ ವಯಸ್ಸಿನವರಲ್ಲಿ, ತೆಳ್ಳಗಿನವರಲ್ಲಿ ಜಾಸ್ತಿ. ಕತ್ತಿನ ಬುಡದಲ್ಲಿ ನಿಜವಾದ ಕ್ಯಾನ್ಸರ್ ಗಂಟು ಇದ್ದರೆ ಕಾಯಿಲೆ ಎದೆ ದಾಟಿ ಹರಡಿದೆ ಅಂತ ಲೆಕ್ಕ, ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಹಾಗಾಗಿ ಅಲ್ಲಿ ಸುಳ್ಳು ಬೆಳಕು ಬಿದ್ದರೆ ಕಷ್ಟ. ಜುಲೈನಲ್ಲಿ ನೆನೆದ ಬಟ್ಟೆಯಲ್ಲಿ ಹೋಗಿ ಏಸಿ ರೂಮಿನಲ್ಲಿ ಮಲಗಬೇಡಿ, ಕಂಬಳಿ ಒಯ್ಯಿರಿ ಅನ್ನುತ್ತೇನೆ. ದೊಡ್ಡಾಸ್ಪತ್ರೆಗೆ ಕಂಬಳಿ ಒಯ್ಯುವುದಕ್ಕೆ ಕೆಲವರಿಗೆ ನಾಚಿಕೆ. ಶಾಲು ಆದರೂ ಸೈ.

ಇನ್ನು ರಿಪೋರ್ಟು. ಅದರಲ್ಲಿ ಎಸ್‌ಯುವಿ ಅಂತ ಒಂದು ಸಂಖ್ಯೆ ಇರುತ್ತದೆ, ಔಷಧ ಎಷ್ಟು ಸೇರಿಕೊಂಡಿದೆ ಅನ್ನುವ ಲೆಕ್ಕ. 2.5 ದಾಟಿದರೆ ಅನುಮಾನ ಅನ್ನುವ ಹಳೆಯ ಗೆರೆಯೊಂದಿದೆ. ಮನೆಯವರು ಅದನ್ನು ಮೊಬೈಲಿನಲ್ಲಿ ಹುಡುಕಿ, ನನ್ನ ಹತ್ತಿರ ಬರುವಷ್ಟರಲ್ಲಿ ಅತ್ತು ಮುಗಿಸಿರುತ್ತಾರೆ. ನಮ್ಮ ದೇಶದಲ್ಲಿ ಆ ಗೆರೆಯನ್ನು ಕಣ್ಣುಮುಚ್ಚಿ ನಂಬಲು ಆಗುವುದಿಲ್ಲ. ಕ್ಷಯದ ಗಂಟಿನಲ್ಲಿ ಉರಿಯೂತದ ಕಣಗಳು ತುಂಬಿರುತ್ತವೆ, ಅವಕ್ಕೂ ಸಕ್ಕರೆ ಬೇಕು. ತೋಟದ ಯಜಮಾನರೊಬ್ಬರ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಗಡ್ಡೆ, ಎಸ್‌ಯುವಿ ಒಂಬತ್ತರ ಹತ್ತಿರ. ಬೀಡಿ ಬೇರೆ ಸೇದುತ್ತಿದ್ದರು. ಎಲ್ಲರೂ ಕ್ಯಾನ್ಸರ್ ಅಂತಲೇ ತೀರ್ಮಾನಿಸಿದ್ದರು. ಸೂಜಿ ಹಾಕಿ ತುಣುಕು ತೆಗೆದು ನೋಡಿದರೆ ಟಿಬಿ. ಆರು ತಿಂಗಳ ಮಾತ್ರೆಗೆ ಗಡ್ಡೆ ಕರಗಿತು. ಬೀಡಿ ಬಿಟ್ಟಿದ್ದೇನೆ ಅನ್ನುತ್ತಾರೆ. ನಂಬುವುದು ಬಿಡುವುದು ನನಗೆ ಬಿಟ್ಟಿದ್ದು.

ಉಲ್ಟಾ ಕೂಡ ಆಗುತ್ತದೆ. 8 ಮಿಲಿಮೀಟರಿಗಿಂತ ಚಿಕ್ಕ ಗಂಟನ್ನು ಪೆಟ್ ಸರಿಯಾಗಿ ಹಿಡಿಯಲಾರದು. ಕಾರ್ಸಿನಾಯ್ಡ್ ಅನ್ನುವ ಜಾತಿಯ ಗಡ್ಡೆಗಳು, ಅಡಿನೋಕಾರ್ಸಿನೋಮಾ ಅನ್ನುವ ಜಾತಿಯಲ್ಲಿ ನಿಧಾನಕ್ಕೆ ಹರಡುವ ಕೆಲವು ಕ್ಯಾನ್ಸರುಗಳು ಮಂಕಾಗಿಯೇ ಇರುತ್ತವೆ. ಮಿದುಳು ಯಾವಾಗಲೂ ಸಕ್ಕರೆ ತಿನ್ನುವುದರಿಂದ ಅದರೊಳಗಿನ ಗಡ್ಡೆ ಬೆಳಕಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೆ ಎಂಆರ್‌ಐ ಬೇರೆ ಬೇಕು.

ಹಾಗಾದರೆ ಇಷ್ಟು ದುಡ್ಡು ಹಾಕಿ ಏಕೆ ಮಾಡಿಸಬೇಕು ಅಂತ ಕೇಳುತ್ತಾರೆ. ನನ್ನ ಪ್ರಕಾರ ಪೆಟ್‌ನ ನಿಜವಾದ ಉಪಕಾರ ಇದು ಕ್ಯಾನ್ಸರಾ ಅಲ್ವಾ ಅಂತ ಹೇಳುವುದರಲ್ಲಿಲ್ಲ, ಎಲ್ಲಿಯವರೆಗೆ ಹೋಗಿದೆ ಅಂತ ತೋರಿಸುವುದರಲ್ಲಿದೆ. 2002ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಪೆಟ್ ಮಾಡಿಸದವರಲ್ಲಿ ಶೇ. 41 ಜನರಿಗೆ ಎದೆ ತೆರೆದದ್ದು ವ್ಯರ್ಥವಾಗಿತ್ತು. ಪೆಟ್ ಮಾಡಿಸಿದವರಲ್ಲಿ ಅದು ಶೇ. 21ಕ್ಕೆ ಇಳಿಯಿತು. ಮೂಳೆಯಲ್ಲೋ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೋ ಅಡಗಿದ್ದು ಮೊದಲೇ ಕಂಡರೆ ದೊಡ್ಡ ಆಪರೇಷನ್ನಿನ ನೋವು ತಪ್ಪುತ್ತದೆ. ಆದರೂ ಎದೆಯ ನಡುವಿನ ಗಂಟು ಹೊಳೆಯಿತು ಅಂತ ಆಪರೇಷನ್ ಬೇಡ ಅನ್ನುವ ಮುಂಚೆ, ಶ್ವಾಸನಾಳಕ್ಕೆ ಇಳಿಸುವ ದುರ್ಬೀನಿನ ಮೂಲಕ ಸೂಜಿ ಹಾಕಿ ನೋಡಿಸುತ್ತೇನೆ. ಟಿಬಿ ಇರುವ ಊರಿನಲ್ಲಿ ಇದನ್ನು ಬಿಡುವ ಹಾಗಿಲ್ಲ.

ವಿಕಿರಣದ ಹೆದರಿಕೆ ಜಾಸ್ತಿ ಮೊಮ್ಮಕ್ಕಳಿರುವವರಿಗೆ. ಆ ಹಗಲು ಎಳೆಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಕೂರಿಸಿಕೊಳ್ಳಬೇಡಿ, ನೀರು ಚೆನ್ನಾಗಿ ಕುಡಿದು ಆಗಾಗ ಮೂತ್ರಕ್ಕೆ ಹೋಗಿ ಅನ್ನುತ್ತೇನೆ. ಹತ್ತು ಗಂಟೆ ಕಳೆದರೆ ನೂರರಲ್ಲಿ ಎರಡೋ ಮೂರೋ ಭಾಗ ಉಳಿದಿರುತ್ತದೆ ಅಷ್ಟೆ. ರಾತ್ರಿ ಮನೆ ಮುಟ್ಟಿದ ಮೇಲೆ ಮೊಮ್ಮಗುವನ್ನು ಎತ್ತಿಕೊಳ್ಳಬಹುದು.

ಕೊನೆಗೆ, ಅಟ್ಟದ ಮೇಲಿನ ಹಳೇ ಎಕ್ಸ್‌ರೇ ತನ್ನಿ. ಗಟ್ಟಿಯಾದ ಗಂಟೊಂದು ಎರಡು ವರ್ಷ ಬೆಳೆಯದೆ ಹಾಗೇ ಇದ್ದರೆ ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಎಷ್ಟೋ ಸಲ ಪೆಟ್ ಬೇಕೇ ಆಗುವುದಿಲ್ಲ. ಮಳೆಗಾಲದ ಥಂಡಿಗೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಪರವಾಗಿಲ್ಲ, ಬಿಡಿಸಲು ಹೋಗಬೇಡಿ, ಹಾಗೇ ತನ್ನಿ.