ಎರಕದ ಆಸ್ಟ್ರೋಲೇಬ್, ಝಕೂತೋನ ಕೋಷ್ಟಕ: ಕಾರವಾರದ ಅಕ್ಷಾಂಶ ಅಳೆದ ನನ್ನ ಅನುಭವ

ಸೂರ್ಯನ ಎತ್ತರ ಅಳೆಯುವ ಆಸ್ಟ್ರೋಲೇಬ್ ಎಂಬ ಗೇಣಗಲದ ಹಿತ್ತಾಳೆ ಚಕ್ರವೊಂದನ್ನು ಬೆರಳಿಗೆ ತೂಗುಹಾಕಿಕೊಂಡು, ಹದಿನೈದನೆಯ ಶತಮಾನದ ಖಗೋಳಜ್ಞ ಝಕೂತೋನ ಸೂರ್ಯಕೋಷ್ಟಕಗಳನ್ನಷ್ಟೇ ನಂಬಿ, ಕಾರವಾರದ ಅಕ್ಷಾಂಶವನ್ನು ಕಾಲು ಅಂಶದೊಳಗೆ ಹಿಡಿಯಬಲ್ಲೆ ಎಂದು ನಾನು ಹೇಳಿದಾಗ ನಮ್ಮ ಹವ್ಯಾಸಿ ಖಗೋಳ ಬಳಗದಲ್ಲಿ ಅದನ್ನು ಒಪ್ಪಿದವರು ಯಾರೂ ಇರಲಿಲ್ಲ. ಅವರ ಲೆಕ್ಕ ಸುಲಭವಾಗಿತ್ತು. ಅಷ್ಟು ಚಿಕ್ಕ ಚಕ್ರದ ಅಂಚಿನಲ್ಲಿ ಒಂದು ಅಂಶಕ್ಕೆ ಸಿಗುವ ಜಾಗ ಒಂದೂವರೆ ಮಿಲಿಮೀಟರ್. ಗೆರೆಯ ದಪ್ಪವೇ ಅದರಲ್ಲಿ ಒಂದಿಷ್ಟನ್ನು ನುಂಗುತ್ತದೆ, ಉಳಿದದ್ದನ್ನು ಕಡಲಗಾಳಿ ಕೆಡಿಸುತ್ತದೆ. ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಂತೂ ಎರಡು ಅಂಶ ತಪ್ಪದಿದ್ದರೆ ಅದೇ ದೊಡ್ಡದು ಎಂದರು. ಈಗ ಚಳಿಗಾಲದ ಅಳತೆಗಳನ್ನೆಲ್ಲ ಒಟ್ಟಿಗೆ ಹಾಕಿ ಸರಾಸರಿ ತೆಗೆದರೆ ಬರುತ್ತಿರುವುದು 14 ಅಂಶ 55 ಕಲೆಯ ಆಸುಪಾಸು (ಒಂದು ಅಂಶಕ್ಕೆ ಅರವತ್ತು ಕಲೆ). ನಾನು ನಿಲ್ಲುವ ದಂಡೆಯ ನಿಜವಾದ ಅಕ್ಷಾಂಶ 14 ಅಂಶ 48 ಕಲೆ. ನೆಲದ ಮೇಲೆ ಇದು ಹದಿಮೂರು ಕಿಲೋಮೀಟರಿನಷ್ಟು ವ್ಯತ್ಯಾಸ. ಅದೇ ಹಿರಿಯರು ಕಳೆದ ಜನವರಿಯಲ್ಲಿ ಸ್ವತಃ ಬಂದು, ಉಪಕರಣವನ್ನು ಕೈಯಲ್ಲಿ ಹಿಡಿದು ಅಳೆದು, ನನ್ನ ಟಿಪ್ಪಣಿ ಪುಸ್ತಕದಲ್ಲಿ ತಮ್ಮ ಅಂಕಿಯನ್ನೂ ಬರೆದುಹೋದರು ಎಂಬುದನ್ನು ಸಂತೋಷದಿಂದಲೇ ದಾಖಲಿಸುತ್ತೇನೆ.

ನಾನು ಮೊದಲು ಮಾದರಿಯಾಗಿ ಹಿಡಿದದ್ದು ಒಮಾನಿನ ಅಲ್ ಹಲ್ಲಾನಿಯಾ ದ್ವೀಪದ ಬಳಿ 2014ರಲ್ಲಿ ಸಮುದ್ರತಳದಿಂದ ಸಿಕ್ಕ ತಟ್ಟೆಯನ್ನು. ವಾಸ್ಕೊ ಡ ಗಾಮನ ಸೋದರಮಾವ ವಿಸೆಂಟೆ ಸೊದ್ರೆಯ 'ಎಸ್ಮೆರಾಲ್ಡ' ಹಡಗು 1503ರಲ್ಲಿ ಅಲ್ಲಿ ಮುಳುಗಿತ್ತು. ಆ ತಟ್ಟೆಯ ವ್ಯಾಸ 17.5 ಸೆಂಟಿಮೀಟರ್, ತೂಕ 344 ಗ್ರಾಂ. ಮೇಲೆ ಪೋರ್ಚುಗಲ್ಲಿನ ರಾಜಲಾಂಛನ, ಅಂಚಿನಲ್ಲಿ ಐದೈದು ಅಂಶಕ್ಕೊಂದು ಗೆರೆ, ಅದೂ ಲೇಸರ್ ಚಿತ್ರಣದಲ್ಲಷ್ಟೇ ಕಾಣುವಷ್ಟು ಸವೆದಿದೆ. ಅದೇ ಅಳತೆಯಲ್ಲಿ ಹಿತ್ತಾಳೆ ತಗಡನ್ನು ಕತ್ತರಿಸಿ ಮಾಡಿಸಿದ್ದಕ್ಕೆ ಗೆರೆ ಕೊರೆಸಿದ್ದೂ ಸೇರಿ ಎರಡೂವರೆ ಸಾವಿರದಷ್ಟು ಖರ್ಚಾಯಿತು. ಮನೆಯ ಜಗುಲಿಯಲ್ಲಿ ಅದು ಚೆನ್ನಾಗಿಯೇ ನಿಂತಿತು. ದಂಡೆಯಲ್ಲಿ, ಮಧ್ಯಾಹ್ನ ಹನ್ನೆರಡರ ನಂತರ ಪಡುವಣ ಗಾಳಿ ಏಳುತ್ತಿದ್ದಂತೆ, ತಟ್ಟೆ ಹಾಯಿಯಂತೆ ಗಾಳಿ ಹಿಡಿದು ಒಂದು ಕ್ಷಣವೂ ನಿಲ್ಲಲಿಲ್ಲ. ಮೂರು ಅಂಶದವರೆಗೂ ಓಲಾಡಿತು. ಅದಕ್ಕೂ ಮೊದಲು ಅಕ್ರಿಲಿಕ್ ಹಾಳೆಯಲ್ಲಿ ಲೇಸರಿನಿಂದ ಕತ್ತರಿಸಿದ್ದು ಇದಕ್ಕಿಂತಲೂ ಹಗುರವಾಗಿದ್ದುದರಿಂದ ಅದರ ಕಥೆಯನ್ನು ಹೇಳಬೇಕಾಗಿಯೇ ಇಲ್ಲ.

ಈ ತೊಂದರೆ ಗಾಮನ ಕಾಲದವರಿಗೂ ಇತ್ತು. 1497ರ ನವೆಂಬರಿನಲ್ಲಿ ಅವನ ಹಡಗುಗಳು ದಕ್ಷಿಣ ಆಫ್ರಿಕದ ಸೇಂಟ್ ಹೆಲೆನಾ ಕೊಲ್ಲಿಯನ್ನು ಮುಟ್ಟಿದಾಗ, ಮೂರು ಗೇಣು ಅಗಲದ ಮರದ ಆಸ್ಟ್ರೋಲೇಬನ್ನು ದಡಕ್ಕಿಳಿಸಿ, ಮೂರು ಕಾಲಿನ ಆಸರೆಗೆ ತೂಗುಹಾಕಿ ಸೂರ್ಯನನ್ನು ಅಳೆದರು. ಓಲಾಡುವ ಹಡಗಿನ ಮೇಲೆ ಆ ಕೆಲಸ ಆಗುತ್ತಿರಲಿಲ್ಲ. ಹದಿನಾರನೆಯ ಶತಮಾನ ಮುಂದುವರಿದಂತೆ ಪೋರ್ಚುಗೀಸ್ ಉಪಕರಣಗಾರರು ತಟ್ಟೆಯನ್ನು ಬಿಟ್ಟು, ಗಾಳಿ ಹಾಯ್ದುಹೋಗುವಂತೆ ನಡುವೆ ಖಾಲಿ ಬಿಟ್ಟು, ಕೆಳಗಡೆ ಭಾರ ಕೂಡಿಸಿ ಎರಕ ಹೊಯ್ದ ಚಕ್ರಕ್ಕೆ ಬಂದರು. ನಾನೂ ಅದೇ ದಾರಿ ಹಿಡಿದೆ.

ಹಣ ನಿಜವಾಗಿ ಕರಗಿದ್ದು ಇಲ್ಲಿ. ಎರಕದ ಅಚ್ಚಿಗೆ ಬೇಕಾದ ಪ್ಯಾಟರ್ನನ್ನು ಬಡಗಿಯೊಬ್ಬರಿಂದ ಸಾಗುವಾನಿಯಲ್ಲಿ ಮಾಡಿಸಿದೆ, ಸಾವಿರದ ಇನ್ನೂರರಷ್ಟಾಯಿತು. ಗುಜರಿ ಹಿತ್ತಾಳೆ ಆಗ ಕಿಲೋಗೆ ಐನೂರರ ಸುತ್ತ ಇತ್ತು. ಎರಕ ಹೊಯ್ದ ಫೌಂಡ್ರಿಯವರು ಹಳೆಯ ನಲ್ಲಿ, ಬೋಲ್ಟು, ತಗಡಿನ ಚೂರುಗಳನ್ನೆಲ್ಲ ಒಂದೇ ಮೂಸೆಗೆ ಹಾಕಿದ್ದರಿಂದಲೋ, ಮರಳಿನಲ್ಲಿ ತೇವ ಹೆಚ್ಚಿದ್ದರಿಂದಲೋ, ಲೇತಿಗೆ ಏರಿಸಿ ಒಂದು ಪದರ ತೆಗೆಯುತ್ತಲೇ ಅಂಚಿನ ತುಂಬ ಗಾಳಿಗುಳ್ಳೆಗಳು ಕಾಣಿಸಿಕೊಂಡವು. ಗುಳ್ಳೆಯ ಮೇಲೆ ಅಂಶದ ಗೆರೆ ಎಳೆಯಲಾಗದು. ಇನ್ನೊಂದು ಎರಕದಲ್ಲಿ ಮೈ ಶುದ್ಧವಾಗಿ ಬಂತು. ಆದರೆ ಕೆಳಗಿನ ದಪ್ಪ ಭಾಗ ನಿಧಾನವಾಗಿಯೂ ತೆಳು ಕಡ್ಡಿಗಳು ಬೇಗನೆಯೂ ಆರಿದ್ದರಿಂದ ಕಡ್ಡಿಯೊಂದು ಬುಡದಲ್ಲಿ ಬಿರುಕು ಬಿಟ್ಟಿತು. ಕಡ್ಡಿಗಳನ್ನು ಒಂದೂವರೆಪಟ್ಟು ದಪ್ಪ ಮಾಡಿ, ಮೂಲೆಗಳನ್ನು ದುಂಡಗೆ ತಿದ್ದಿ, ಒಂದೇ ಬಗೆಯ ಲೋಹವನ್ನು ನಾನೇ ಆರಿಸಿ ಕೊಟ್ಟ ಮೇಲೆ ಎರಡೂಕಾಲು ಕಿಲೋದ ಗಟ್ಟಿ ಚಕ್ರ ಕೈಗೆ ಬಂತು. ಕೆಟ್ಟದ್ದೆಲ್ಲ ಸೇರಿ ಒಟ್ಟು ಇಪ್ಪತ್ತೆರಡು ಸಾವಿರ ಹೋಗಿರಬಹುದು. ಈಗ ಹೊಸದಾಗಿ ಮಾಡುವವರಿಗೆ ಎಂಟು ಸಾವಿರದಲ್ಲಿ ಮುಗಿಯಬೇಕು.

ಸೂರ್ಯನತ್ತ ಗುರಿಹಿಡಿಯಲು ಚಕ್ರದ ನಡುವೆ ತಿರುಗುವ ಅಲಿಡೇಡ್ ಪಟ್ಟಿಯ ಎರಡು ರಂಧ್ರಫಲಕಗಳನ್ನು ತುದಿಗಳಲ್ಲಿ ಇಡದೆ ಎಂಟು ಸೆಂಟಿಮೀಟರ್ ಅಂತರಕ್ಕೆ ತಂದೆ. ಹತ್ತಿರವಿದ್ದಷ್ಟೂ ಬೆಳಕಿನ ಚುಕ್ಕೆ ಕೆಳಗಿನ ಫಲಕದ ಮೇಲೆ ಬೇಗ ಸಿಗುತ್ತದೆ, ದೂರವಿದ್ದಷ್ಟೂ ಓದು ಸೂಕ್ಷ್ಮವಾಗುತ್ತದೆ. ಎಂಟು ನನ್ನ ಕೈಗೆ ಒಗ್ಗಿದ ಅಂತರ. ಪೋರ್ಚುಗೀಸರಂತೆ ನಾನೂ ಸೊನ್ನೆಯನ್ನು ಖಮಧ್ಯದಲ್ಲಿ, ಎಂದರೆ ನೆತ್ತಿಯ ನೇರಕ್ಕೆ, ಇಟ್ಟು ನೇರವಾಗಿ ನತಾಂಶವನ್ನೇ (ನೆತ್ತಿಯಿಂದ ಸೂರ್ಯನಿಗಿರುವ ಕೋನ) ಓದುವಂತೆ, ಎರಡೂ ಬದಿಗೆ ಗೆರೆ ಹಾಕಿದ್ದೇನೆ. ಎರಡೂ ಬದಿ ಏಕೆ ಬೇಕೆಂದರೆ, ಒಂದು ಓದು ಆದ ಕೂಡಲೇ ಚಕ್ರವನ್ನು ಹಿಂದುಮುಂದಾಗಿ ತಿರುಗಿಸಿ ಇನ್ನೊಂದು ಬದಿಯಲ್ಲಿ ಓದಿ, ಎರಡರ ಸರಾಸರಿ ತೆಗೆದರೆ ತೂಗಿನ ವಾಲಿಕೆಯ ದೋಷ ತಾನಾಗಿಯೇ ಕಳೆದುಹೋಗುತ್ತದೆ. ಅಂಚನ್ನು ಅರ್ಧ ಅಂಶದವರೆಗೆ ಹೇಗೆ ಭಾಗಿಸಿದೆ, ಮೇಲಿನ ಬಳೆಯ ಕೀಲನ್ನು ಗಾಳಿಗೂ ಅಲುಗದಂತೆ ಹೇಗೆ ಕೂರಿಸಿದೆ ಎಂಬ ಎರಡು ವಿಷಯಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ; ಅವುಗಳಿಗಾಗಿ ಒಂದು ಮಳೆಗಾಲವನ್ನೇ ಕಳೆದಿದ್ದೇನೆ.

ಚಕ್ರ ಎಷ್ಟೇ ಚೆನ್ನಾಗಿದ್ದರೂ ಸೂರ್ಯನ ಕ್ರಾಂತಿ, ಎಂದರೆ ಆ ದಿನ ಅವನು ಭೂಮಧ್ಯರೇಖೆಯಿಂದ ಎಷ್ಟು ಅಂಶ ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಎಂಬುದು, ಗೊತ್ತಿಲ್ಲದೆ ನತಾಂಶ ಯಾವ ಉಪಯೋಗಕ್ಕೂ ಬರುವುದಿಲ್ಲ. ಭೂಮಧ್ಯರೇಖೆ ದಾಟಿ ಧ್ರುವನಕ್ಷತ್ರವನ್ನು ಕಳೆದುಕೊಂಡ ನಾವಿಕರಿಗೆ ಬೇಕಾಗಿದ್ದದ್ದು ಈ ಕ್ರಾಂತಿಯೇ. ಪೋರ್ಚುಗಲ್ಲಿನ ಎರಡನೆಯ ಜೊವಾವ್ ದೊರೆ 1485ರಲ್ಲಿ ಜೊಸೆ ವಿಝಿನ್ಯೊ ಎಂಬ ವಿದ್ವಾಂಸನನ್ನು ಗಿನಿ ತೀರಕ್ಕೆ ಕಳುಹಿಸಿ ಸೂರ್ಯನಿಂದ ಅಕ್ಷಾಂಶ ಅಳೆಯಿಸಿದ್ದು ಅದಕ್ಕಾಗಿ. ಅದೇ ವಿಝಿನ್ಯೊ ಲ್ಯಾಟಿನ್ನಿಗೆ ತಂದ ಅಬ್ರಹಾಂ ಝಕೂತೋನ ಕೋಷ್ಟಕಗಳು 1496ರಲ್ಲಿ ಲೈರಿಯಾ ಊರಿನಲ್ಲಿ ಅಚ್ಚಾದವು. ಝಕೂತೋ ಯೆಹೂದಿ, 1492ರಲ್ಲಿ ಸ್ಪೇನ್ ತನ್ನ ಯೆಹೂದಿಗಳನ್ನು ಹೊರಹಾಕಿದಾಗ ಪೋರ್ಚುಗಲ್ಲಿಗೆ ಬಂದವನು. ಪುಸ್ತಕ ಅಚ್ಚಾದ ವರ್ಷದ ಕೊನೆಯಲ್ಲೇ ಮನುಯೆಲ್ ದೊರೆ ಅಲ್ಲಿಯೂ ಯೆಹೂದಿಗಳು ಮತಾಂತರವಾಗಬೇಕು, ಇಲ್ಲವೇ ದೇಶ ಬಿಡಬೇಕು ಎಂದು ಆಜ್ಞೆ ಹೊರಡಿಸಿದನು. ಗಾಮನ ಯಾತ್ರೆಗೆ ಆಧಾರವಾದ ಲೆಕ್ಕ ಮಾಡಿಕೊಟ್ಟ ಪಂಡಿತನು ಟ್ಯೂನಿಸ್ಸಿಗೆ ವಲಸೆ ಹೋಗಬೇಕಾಯಿತು. ಆ ಅಂಕಿಗಳನ್ನು ಒಂದೊಂದಾಗಿ ಕೈಯಲ್ಲಿ ನಕಲು ಮಾಡಿಕೊಳ್ಳುವಾಗ ಈ ಅನ್ಯಾಯ ನನ್ನನ್ನು ಬಹಳ ಕಾಡಿತು, ಇಂದಿಗೂ ಕಾಡುತ್ತದೆ.

ಈ ಕೋಷ್ಟಕ ಈಗ ನಡೆಯುವುದಿಲ್ಲ ಎಂಬುದು ಬಳಗದವರ ಎರಡನೆಯ ಅನುಮಾನವಾಗಿತ್ತು. ಕೋಷ್ಟಕದ ಮೂಲವರ್ಷ 1473; ನಾಲ್ಕು ವರ್ಷಗಳ ಸೂರ್ಯಸ್ಥಾನ (ರಾಶಿಚಕ್ರದಲ್ಲಿ ಸೂರ್ಯ ಇರುವ ಜಾಗ; ಕ್ರಾಂತಿ ಸಿಗುವುದು ಇದರಿಂದ) ಕೊಟ್ಟು, ಅನಂತರದ ಪ್ರತಿ ನಾಲ್ಕು ವರ್ಷಕ್ಕೂ 1 ಕಲೆ 46 ವಿಕಲೆ (ಕಲೆಗೆ ಅರವತ್ತು ವಿಕಲೆ) ಸೇರಿಸಬೇಕೆಂದು ಹೇಳಿದೆ. ನಾನು ನಮ್ಮ ದಿನಾಂಕದಿಂದ ಹದಿಮೂರು ದಿನ ಕಳೆದು ಝಕೂತೋನ ಕಾಲದ ಜೂಲಿಯನ್ ದಿನಾಂಕ ಮಾಡಿಕೊಂಡು, ಸುಮಾರು ನೂರ ಮೂವತ್ತೆಂಟು ಆವರ್ತಗಳ ತಿದ್ದುಪಡಿಯನ್ನು, ಎಂದರೆ ನಾಲ್ಕು ಅಂಶ ಮತ್ತು ಕೆಲವು ಕಲೆಗಳನ್ನು ಸೇರಿಸಿದೆ. ಹೋಲಿಸಿ ನೋಡಲು ಮನೆಯಲ್ಲಿದ್ದ ದೃಗ್ಗಣಿತ ಪಂಚಾಂಗದ ಸೂರ್ಯಸ್ಫುಟಕ್ಕೆ (ಸೂರ್ಯಸ್ಥಾನಕ್ಕೆ) ಸುಮಾರು 24 ಅಂಶದ ಅಯನಾಂಶ ಕೂಡಿಸಿ ಸಾಯನ, ಎಂದರೆ ವಿಷುವದಿಂದ ಎಣಿಸಿದ ಸ್ಥಾನ, ಮಾಡಿಕೊಂಡೆ. ಐನೂರೈವತ್ತು ವರ್ಷ ಹಳೆಯ ಲೆಕ್ಕಕ್ಕೂ ಈಗಿನ ಪಂಚಾಂಗಕ್ಕೂ ಅರ್ಧ ಅಂಶಕ್ಕಿಂತ ಕಡಿಮೆ ವ್ಯತ್ಯಾಸ ಕಂಡಿತು.

ಅದು ಏಕೆ ಹಾಗೆ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ನಾಲ್ಕು ವರ್ಷಕ್ಕೆ 1 ಕಲೆ 46 ವಿಕಲೆ ಎಂದರೆ ವರ್ಷದ ಉದ್ದ 365.2425 ದಿನದ ಸುತ್ತ ಎಂದಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ಹತ್ತನೆಯ ಅಲ್ಫೊನ್ಸೋ ದೊರೆಯ ಆಶ್ರಯದಲ್ಲಿ ಟೊಲೆಡೊದ ಯೆಹೂದಿ ವಿದ್ವಾಂಸರು ಸಿದ್ಧಪಡಿಸಿದ ಅಲ್ಫೋನ್ಸೀನ್ ಕೋಷ್ಟಕಗಳ ವರ್ಷ ಇದು. 1582ರಲ್ಲಿ ಹದಿಮೂರನೆಯ ಗ್ರೆಗೊರಿ ಪೋಪ್ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಸಾರಿ, ಈಸ್ಟರ್ ಹಬ್ಬದ ದಿನ ಋತುವಿಗೆ ಸರಿಹೊಂದಲೆಂದು ಪಂಚಾಂಗ ತಿದ್ದಿದಾಗ, ಲೂಯಿಜಿ ಲಿಲಿಯೊ ರೂಪಿಸಿ ಜೆಸುಯಿಟ್ ಗಣಿತಜ್ಞ ಕ್ಲಾವಿಯಸ್ ಸಮರ್ಥಿಸಿದ ಹೊಸ ಕ್ರಮವೂ ಸರಿಸುಮಾರು ಇದೇ ವರ್ಷದ ಮೇಲೆ ನಿಂತಿತು. ಪೋಪನ ತಿದ್ದುಪಡಿ ಎಂಬ ಕಾರಣಕ್ಕೇ ಪ್ರಾಟೆಸ್ಟೆಂಟ್ ಜರ್ಮನಿ 1700ರವರೆಗೆ, ಇಂಗ್ಲೆಂಡ್ 1752ರವರೆಗೆ ಅದನ್ನು ಒಪ್ಪಲಿಲ್ಲ. ಈಸ್ಟರ್ ದಿನಕ್ಕಾಗಿ ನಡೆದ ಆ ಜಗಳದ ಲೆಕ್ಕವೂ ಕಡಲ ನಾವಿಕನ ಕೈಯಲ್ಲಿದ್ದ ಲೆಕ್ಕವೂ ಒಂದೇ ಬೇರಿನವು.

ಅಳತೆಯ ಒಂದು ಉದಾಹರಣೆ ಕೊಡುತ್ತೇನೆ. ಮಕರ ಸಂಕ್ರಾಂತಿಯ ಹೊತ್ತಿಗೆ ಕಾರವಾರದಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವುದು ಗಡಿಯಾರದ ಹನ್ನೆರಡು ಮುಕ್ಕಾಲರ ಸುಮಾರಿಗೆ. ಅದಕ್ಕೂ ಹತ್ತು ನಿಮಿಷ ಮೊದಲಿನಿಂದ ಓದುತ್ತ ಹೋಗಿ, ನತಾಂಶ ಇಳಿಯುವುದು ನಿಂತು ಮತ್ತೆ ಏರುವ ತನಕ ಬರೆದುಕೊಳ್ಳುತ್ತೇನೆ. ಅತ್ಯಂತ ಕಡಿಮೆ ಓದು 36 ಅಂಶದ ಸುತ್ತ ಬರುತ್ತದೆ. ಕೋಷ್ಟಕದ ಪ್ರಕಾರ ಆ ದಿನದ ದಕ್ಷಿಣ ಕ್ರಾಂತಿ ಇಪ್ಪತ್ತೊಂದೂಕಾಲು, ಕಳೆದರೆ ಹದಿನಾಲ್ಕೂಮುಕ್ಕಾಲು. ಝಕೂತೋನ ಪರಮಕ್ರಾಂತಿ (ವರ್ಷದಲ್ಲಿ ಕ್ರಾಂತಿ ಮುಟ್ಟುವ ಅತಿ ಹೆಚ್ಚಿನ ಅಂಕಿ) 23 ಅಂಶ 33 ಕಲೆ, ಇಂದಿನದು 23 ಅಂಶ 26 ಕಲೆ. ಈ ಏಳು ಕಲೆಯನ್ನು ನಾನು ತಿದ್ದಲಿಲ್ಲ, ಏಕೆಂದರೆ ಅವನ ಅಂಕಿಗಳಿಂದಲೇ ಗೆಲ್ಲಬೇಕೆಂಬುದು ಪಂದ್ಯವಾಗಿತ್ತು.

ಕಡಲಿನ ಮೇಲೂ ಪ್ರಯತ್ನಿಸಿದೆ. ಪರಿಚಯದ ಮೀನುಗಾರರ ದೋಣಿಯಲ್ಲಿ, ಡೀಸೆಲ್ಲಿಗೆ ಎಂದು ಏಳೆಂಟುನೂರು ಕೊಟ್ಟು, ದಂಡೆ ಕಾಣುವಷ್ಟು ದೂರ ಹೋಗಿ ಎಂಜಿನ್ ನಿಲ್ಲಿಸಿ ಅಳೆದೆವು. ಅಲೆ ಶಾಂತವಿದ್ದ ದಿನ ಒಂದು ಅಂಶದೊಳಗೆ ಸಿಕ್ಕಿತು. ಸ್ವಲ್ಪ ಅಲೆ ಇದ್ದ ದಿನ ಎರಡೂವರೆ ಅಂಶ ತಪ್ಪಿತು. ನಾವು ಹೋದ ದಿಕ್ಕಿನಲ್ಲೇ ಅಂಜುದೀವು ಇದೆ. 1498ರ ಸೆಪ್ಟೆಂಬರ್ ಕೊನೆಯಲ್ಲಿ ಗಾಮ ತನ್ನ ಹಡಗುಗಳ ತಳವನ್ನು ಶುಚಿಮಾಡಿಸಿ, ಅಕ್ಟೋಬರ್ ಮೊದಲ ವಾರದಲ್ಲಿ ಮರಳಿ ಹೊರಟದ್ದು ಆ ದ್ವೀಪದಿಂದ. ಈಗ ಅದು ನೌಕಾಪಡೆಯ ಅಧೀನದಲ್ಲಿರುವುದರಿಂದ ಅಲ್ಲಿಯೇ ನಿಂತು ಅಳೆಯುವ ಆಸೆಯನ್ನು ಕೈಬಿಟ್ಟಿದ್ದೇನೆ.

ಇದರ ಜೊತೆಗೆ ಅರಬ್ಬಿ ಕಡಲಿನ ನಾವಿಕರ ಕಮಾಲನ್ನೂ ಮಾಡಿ ನೋಡಿದೆ. ಅಂಗೈಯಗಲದ ಮರದ ಹಲಗೆ, ನಡುವೆ ಗಂಟುಹಾಕಿದ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚನ್ನು ದಿಗಂತಕ್ಕೂ ಮೇಲಿನ ಅಂಚನ್ನು ಧ್ರುವನಕ್ಷತ್ರಕ್ಕೂ ತಾಗಿಸುವುದು. ಖರ್ಚು ಐವತ್ತು ರೂಪಾಯಿಯೂ ಆಗಲಿಲ್ಲ. ಪೂರ್ವ ಆಫ್ರಿಕದ ಮಲಿಂದಿಯಲ್ಲಿ ಗಾಮನಿಗೆ ದಾರಿ ತೋರಿಸಲು ಹಡಗೇರಿದ ನಾವಿಕನು ಪೋರ್ಚುಗೀಸರ ಆಸ್ಟ್ರೋಲೇಬುಗಳನ್ನು ನೋಡಿ ಬೆರಗಾಗಲಿಲ್ಲವೆಂದು ಪೋರ್ಚುಗೀಸ್ ಇತಿಹಾಸಕಾರ ಬರೊಸ್ ತನ್ನ ಚರಿತ್ರೆಯಲ್ಲಿ ಬರೆದಿದ್ದಾನೆ. ಕಮಾಲನ್ನು ಬಳಸಿದ ಮೇಲೆ ಅದು ಏಕೆಂದು ನನಗೆ ತಿಳಿಯಿತು. ದೋಣಿಯ ಮೇಲೆ ಕಮಾಲು ನನ್ನ ಹಿತ್ತಾಳೆ ಚಕ್ರಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದು ತೂಗನ್ನು ನಂಬದೆ ದಿಗಂತವನ್ನು ನಂಬುತ್ತದೆ. ಆದರೆ ಕಾರವಾರದ ದಂಡೆಯಲ್ಲಿ ಉತ್ತರಕ್ಕೆ ಗುಡ್ಡ ಅಡ್ಡ ಬರುವುದರಿಂದ ಕಡಲಿಗೆ ಇಳಿಯದೆ ಕಮಾಲಿನ ಕೆಲಸ ಸಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇದನ್ನು ಮಾಡಬಯಸುವವರು ತಿಂಗಳನ್ನು ನೋಡಿಕೊಳ್ಳಬೇಕು. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಸೂರ್ಯ ಕಾರವಾರದ ನೆತ್ತಿಯ ಮೇಲೆಯೇ ಹಾಯುತ್ತಾನೆ. ಕೆಲವೇ ನಿಮಿಷಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸರಿದುಬಿಡುವುದರಿಂದ ಚಕ್ರವನ್ನು ಯಾವ ಕಡೆಗೆ ತಿರುಗಿಸಿ ಹಿಡಿಯಬೇಕೆಂಬುದೇ ತಿಳಿಯದು. ಆ ಮೇಲೆ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಆಗ ಕ್ರಾಂತಿಯಿಂದ ನತಾಂಶವನ್ನು ಕಳೆಯಬೇಕು. ಗಾಮ 1498ರ ಮೇ 20ರಂದು ಕಲ್ಲಿಕೋಟೆಯ ಎದುರು ಲಂಗರು ಹಾಕಿದಾಗಲೂ ಸೂರ್ಯ ಅವನ ಉತ್ತರಕ್ಕೇ ಇದ್ದನು. ಪೋರ್ಚುಗೀಸ್ ನಾವಿಕರ ಕೈಪಿಡಿಗಳಲ್ಲಿ ನೆರಳು ಬಿದ್ದ ಕಡೆಯನ್ನು ನೋಡಿ ಕೂಡಿಸಬೇಕೋ ಕಳೆಯಬೇಕೋ ಎಂದು ಅಷ್ಟೊಂದು ವಿವರವಾಗಿ ಹೇಳಿರುವುದು ಇದಕ್ಕಾಗಿ. ಮಾರ್ಚ್ ವಿಷುವದ ಸುತ್ತ ನನ್ನ ಫಲ ಚಳಿಗಾಲದಷ್ಟು ಒಳ್ಳೆಯದಾಗಿಲ್ಲ; ಆ ದಿನಗಳಲ್ಲಿ ಕ್ರಾಂತಿ ದಿನಕ್ಕೆ 24 ಕಲೆಯಷ್ಟು ಓಡುವುದರಿಂದ, ಸೂರ್ಯಸ್ಥಾನದಲ್ಲಿ ಅರ್ಧ ಅಂಶ ತಪ್ಪಿದರೆ ಅಕ್ಷಾಂಶದಲ್ಲಿ ಹನ್ನೆರಡು ಕಲೆ ತಪ್ಪುತ್ತದೆ, ಜನವರಿಯಲ್ಲಾದರೆ ಐದಾರು ಕಲೆಯಷ್ಟೇ. ಡಿಸೆಂಬರ್ ಹತ್ತರಿಂದ ಜನವರಿ ಕೊನೆಯವರೆಗಿನ ಒಂದೂಮುಕ್ಕಾಲು ತಿಂಗಳು ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ. ಸಾಗುವಾನಿ ಪ್ಯಾಟರ್ನ್ ಇನ್ನೂ ನನ್ನಲ್ಲಿದೆ. ಬೇಕಾದವರಿಗೆ ಒಂದೆರಡು ಎರಕಕ್ಕೆ ಧಾರಾಳವಾಗಿ ಕೊಡುತ್ತೇನೆ.