ಚಳೀಲಿ ಕೊರವ ಮೀನು ಕಚ್ಚಲ್ಲ ಅನ್ನೋರಿಗೆ: ಕೆರೇಲಿ ಕಪ್ಪೆ ಲ್ಯೂರ್ (ರಬ್ಬರಿನ ಹುಸಿ ಕಪ್ಪೆ) ಹಾಕೋ ಕ್ರಮ

ಭತ್ತದ ಕೊಯ್ಲು ಶುರುವಾಗಿ ಮೂಡಗಾಳಿ ಬೀಸ್ತಿದ್ದಂಗೆ ನಮ್ಮ ಮಂಡ್ಯ ಕಡೆ ಸುಮಾರು ಜನ ಮೀನು ಹಿಡಿಯೋ ರಾಡು ಮೂಲೆಗಿಟ್ಟು, ಇನ್ನು ಶಿವರಾತ್ರಿ ಕಳೀಲಿ, ಕೊರವ ಈಗ ಬಾಯಿ ಹಾಕಲ್ಲ ಅಂತಾರೆ. ಹಾಕುತ್ತೆ ಕಣ್ರೀ. ನಾವು ಹೋಗೋ ಟೈಮು, ಎಳೆಯೋ ಸ್ಪೀಡು ಎರಡೂ ಬದಲಾಯಿಸ್ಕೋಬೇಕು ಅಷ್ಟೇ.

ಡಿಸೆಂಬರ್ ಜನವರೀಲಿ ಇಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿಯುತ್ತೆ, ದಡದ ನೀರೂ ತಣ್ಣಗಾಗುತ್ತೆ, ನೀರು ತಣ್ಣಗಾದ್ರೆ ಮೀನಿನ ಮೈಯೂ ತಣ್ಣಗೆ, ಜೀರ್ಣ ನಿಧಾನ, ಓಡಾಟ ನಿಧಾನ, ದೂರದಿಂದ ಅಟ್ಟಿಸ್ಕೊಂಡು ಬಂದು ತಿನ್ನೋ ದರ್ದು ಅದಕ್ಕಿರಲ್ಲ. ಹಂಗಾಗಿ ಬೇಸಿಗೆ ಥರ ಕೋಳಿ ಕೂಗೋ ಹೊತ್ತಿಗೆ ಹೋಗಿ ಮಂಜಲ್ಲಿ ನಿಲ್ಲೋದು ದಂಡ. ತಿಂಡಿ ತಿಂದು ಹನ್ನೊಂದರ ಮೇಲೆ ಹೋಗಿ, ನಾಲ್ಕೂವರೆವರೆಗೂ ಒಳ್ಳೆ ಟೈಮು. ಆಳ ಬೇಡ, ಜೊಂಡು, ತಾವರೆ ಎಲೆ ಇರೋ ಮೊಣಕಾಲುದ್ದ ನೀರು ಸಾಕು. ಈ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಅದಕ್ಕೇ ಕೆರೆಯ ಉತ್ತರದ ದಡ ಮೊದಲು ನೋಡಿ, ಅಲ್ಲಿ ಏರಿ ನೆರಳು ಮರದ ನೆರಳು ನೀರಿಗೆ ಬೀಳಲ್ಲ.

ಕೊರವ ಗಾಳಿ ಕುಡಿಯೋ ಮೀನು, ಮೇಲೆ ಬಂದು ಗುಳುಕ್ ಅಂತ ಉಸಿರು ತಗೊಂಡೇ ಹೋಗ್ಬೇಕು, ನಮಗೆ ಅದೇ ಸುಳಿವು. ಆದ್ರೆ ತಣ್ಣೀರಲ್ಲಿ ಹಂಗೆ ಬರೋದು ಕಮ್ಮಿ, ಅದಕ್ಕೆ ಹೋದ ತಕ್ಷಣ ಎಸೆಯೋಕೆ ನಿಲ್ಬೇಡಿ, ಸುಮ್ನೆ ಕೂತು ನೀರು ನೋಡಿ.

ಏಳಡಿ ಮೀಡಿಯಂ ಹೆವಿ, ಅಂದ್ರೆ ತುಸು ಗಟ್ಟಿ ರಾಡು, 30-40 ಪೌಂಡು ಎಳೆತ ತಡೆಯೋ ಬ್ರೇಡ್ ಲೈನು (ಹೆಣೆದ ದಾರ), ಚಿಕ್ಕ ರಬ್ಬರ್ ಕಪ್ಪೆ ಇದ್ರೆ ಸಾಕು. ಕಪ್ಪೆ ಕಾಲಿನ ಎಳೆ ಉದ್ದ ಇದ್ರೆ ಕತ್ತರೀಲಿ ಗಿಡ್ಡ ಮಾಡಿ, ಚಳೀಲಿ ಮೀನು ಅರೆಮನಸ್ಸಿಂದ ಕಚ್ಚೋದು, ಬರೀ ಕಾಲು ಹಿಡಿದು ಬಿಟ್ಬಿಡುತ್ತೆ. ರಬ್ಬರ್ ಕಪ್ಪೆ ಹೊಟ್ಟೆಗೆ ನೀರು ಸೇರಿರುತ್ತೆ, ಆಗಾಗ ಹಿಂಡ್ತಿರಿ.

ಈಗ ಎಸೆಯೋದು. ಉಸಿರು ತಗೊಂಡ ಜಾಗದ ಮೇಲೇ ಎಸೆದ್ರೆ ಓಡಿಹೋಗುತ್ತೆ, ಅದರಾಚೆ ಎರಡು ಮಾರು ದೂರಕ್ಕೆ ಎಸೆದು, ತಾವರೆ ಎಲೆ ಮೇಲೆ ಎಳ್ಕೊಂಡು ಬಂದು, ಎಲೆ ಸಂದೀಲಿ ನೀರು ಕಾಣೋ ಕಡೆ ಮೆಲ್ಲಗೆ ಜಾರಿಸಿ. ಆಮೇಲೆ ಕೈ ಆಡಿಸ್ಲೇಬೇಡಿ. ಎದ್ದ ಅಲೆ ಪೂರ್ತಿ ಅಡಗಲಿ, ರಾಡ್ ತುದಿ ಒಂದು ಸಲ ಮಿಡೀರಿ, ಮತ್ತೆ ನಿಲ್ಸಿ. ಬಹಳ ಸಲ ಮೀನು ಬಂದು ಹೊಡೆಯೋದು ಕಪ್ಪೆ ನಿಂತಿದ್ದಾಗಲೇ, ಹಂಗಾಗಿ ಒಂದೇ ಸಂದಿಗೆ ಐದಾರು ಸಲ ಹಾಕೋಕೆ ಬೇಜಾರು ಮಾಡ್ಕೋಬೇಡಿ. ನೀರು ಚಿಮ್ಮಿದ ಕೂಡಲೇ ಎಳೆದ್ರೆ ಖಾಲಿ ಕಪ್ಪೆ ಮುಖಕ್ಕೆ ಬರುತ್ತೆ, ಲೈನು ಬಿಗಿಯಾಗಿ ಭಾರ ಕೈಗೆ ಸಿಗಲಿ, ಆಗ ಜೋರಾಗಿ ಎತ್ತಿ, ಜೊಂಡಿಗೆ ನುಗ್ಗೋಕೆ ಬಿಡದೆ ಒಂದೇ ದಮ್ಮಿಗೆ ಎಳ್ಕೊಳಿ.

ನಮ್ಮ ಕಡೆ ಸುಮಾರು ಕೆರೆ ಮೀನು ಗುತ್ತಿಗೆಗೆ ಹೋಗಿರುತ್ತೆ, ಗುತ್ತಿಗೆ ಹಿಡಿದಿರೋರನ್ನ ಕೇಳ್ಕೊಂಡೇ ಇಳೀರಿ. ರಂಗನತಿಟ್ಟು ಕಡೆ ಹೋಗಲೇಬೇಡಿ, ಅದು ಪಕ್ಷಿಧಾಮ, ಹೊಳೇಲಿ ಮೊಸಳೆನೂ ಇವೆ.

ಇನ್ನೊಂದು ಮಾತು, ಇದು ನಿಜವಾಗ್ಲೂ ಮನಸ್ಸಿಗೆ ಹಾಕ್ಕೊಳಿ. ನೀರ ಮೇಲೆ ಕೊರವದ ಕೆಂಪು ಮರಿಗಳ ಗುಂಪು ಕುದೀತಿದ್ರೆ ಅದರ ಕೆಳಗೆ ಅಪ್ಪ ಅಮ್ಮ ಕಾವಲಿರ್ತವೆ, ಮಳೆಗಾಲದಲ್ಲೇ ಇದು ಜಾಸ್ತಿ, ಆದ್ರೆ ಯಾವಾಗ ಕಂಡ್ರೂ ಅಲ್ಲಿ ಕಪ್ಪೆ ಹಾಕ್ಬೇಡಿ, ದೊಡ್ಡದನ್ನ ಎತ್ತಿದ್ರೆ ಆ ಮರಿಗಳನ್ನ ಬೇರೆ ಮೀನು ತಿಂದು ಮುಗಿಸ್ತವೆ.